ಮೆಸ್ಸಿನ ಬಾಕಿ

ಒಲಿ ಹಿಂದಿನ ಗೋಡಿ ಮ್ಯಾಲ ಎರಡು ಲೆಕ್ಕ ಅವ.
ಎಡಕ್ಕಿಂದು ರೊಟ್ಟಿದು.
ಗಾಜಿಪುರದ ಹುಡುಗರ ಮೆಸ್ಸಿಗಿ ದಿನಾ ಎರಡು ನೂರು,
ನೂರಕ್ಕೊಂದು ಗೆರಿ, ಇದ್ಲಿಲೆ.
ಬಲಕ್ಕಿಂದು ನಂದು.
ದಿನಕ್ಕೊಂದು ಗೆರಿ, ಅದೂ ಇದ್ಲಿಲೆ.

ಮೊದಲು ಗೋಡಿ ಬೇಕಿದ್ದಿಲ್ಲ,
ಗುಳಿಗಿ ಚೀಟಿನೇ ಲೆಕ್ಕ ಇಡ್ತಿತ್ತು.
ಇಪ್ಪತ್ತೊಂದು ಬಿಳಿ, ಏಳು ಕರಿಕೆಂಪು.
ಕೆಂಪಿನವು ಎರಡು ಮೂರು ಮುಗಿಯೋದ್ರಾಗ
ಕಿಬ್ಬೊಟ್ಟಿ ಹಿಂಡಿ ಹೇಳ್ತಿತ್ತು, ಬಂದೆ ಅಂತ.
ಹೇಳಿದ ಹೊತ್ತಿಗಿ ಬರೋ ಬೀಗರು ಯಾರದಾರ ನಮಗ?
ಅದೊಂದೇ ಬರ್ತಿತ್ತು.

ಆಮ್ಯಾಲ ತಲಿ ಸಿಡಿಯಾಕತ್ತು.
ಹಂಚಿನ ಝಳ ಅಂದ್ಕೊಂಡೆ. ಬ್ಯಾಸಗಿ ಅಂದ್ಕೊಂಡೆ.
ಕಲಬುರಗಿಯಾಗ ಬ್ಯಾಸಗಿ ಮ್ಯಾಲ ಹಾಕಲಾರದ ತಪ್ಪು ಯಾವುದದ?
ದವಾಖಾನಿಯಾಗ ಡಾಕ್ಟರಮ್ಮ ತೋಳಿಗಿ ಪಟ್ಟಿ ಸುತ್ತಿ
ಎರಡೆರಡು ಸಲ ಗಾಳಿ ಹೊಡದು ನೋಡಿ,
ಬಿ.ಪಿ. ಏರ್ಯಾದ, ಈ ಗುಳಿಗಿ ಬಿಡು ಅಂದಳು.
ಬ್ಯಾರೆ ಬರದಳು.
ಹೆಸರು ಛಾಯಾ.

ಆಶಾ ಕೆಲಸದ ಮಹಾನಂದಾ ಬೆರಳು ಮಡಚಿ ತಿಳಿಸಿದಳು:
ಮುಟ್ಟಾದ ದಿನಾ ಸುರು ಮಾಡು,
ಐತವಾರ ಒಂದು, ಬುಧವಾರ ಒಂದು, ಮೂರು ತಿಂಗಳ ತನಕ,
ಆಮ್ಯಾಲ ವಾರಕ್ಕೊಂದೇ.
ಮುಟ್ಟು ಜರಾ ಹಿಂದ ಮುಂದ ಆಗ್ತದ, ಅಂಜಬ್ಯಾಡ.

ಜರಾ ಅಂದ್ರ ಎಷ್ಟು,
ನಾನೂ ಕೇಳಲಿಲ್ಲ, ಆಕಿನೂ ಹೇಳಲಿಲ್ಲ.
ಪಲ್ಯಕ್ಕ ಉಪ್ಪು ಜರಾ, ಹಿಟ್ಟಿಗಿ ನೀರು ಜರಾ,
ಕೈಗಿ ಗೊತ್ತಿರ್ತದ.
ಇದು ಯಾವ ಕೈಗಿ ಗೊತ್ತು?

ಹದಿನೇಳನೇ ದಿನಕ್ಕ ಎರಡು ಹನಿ ಕಂಡು ಸುಮ್ಮನಾಯ್ತು.
ಮೂವತ್ತು ದಾಟಿತು. ಮೂವತ್ತಾರು.
ಟಂಟಂ ನಿಲ್ಲಿಸಿ ಬಂದ ಗಂಡ
ಬಾಗಲಾಗ ಚಪ್ಪಲಿ ಬಿಡೋಕಿಂತ ಮೊದಲು
ಹುಬ್ಬಿಲೇ ಕೇಳ್ತಿದ್ದ.
ನಾನೂ ಹುಬ್ಬಿಲೇ ಇಲ್ಲ ಅಂತಿದ್ದೆ.
ಚೀಟಿ ಅಗಸಿ ಹಿಂಡಿ ಡಬ್ಬಿ ತಳದಾಗ,
ಅತ್ತಿಗಿ ಖಾರ ಆಗಲ್ಲ, ಆ ಡಬ್ಬಿ ಮುಟ್ಟಂಗಿಲ್ಲ.

ಗುರ್ತಿಲ್ಲದ ಮೆಡಿಕಲ್ ಹುಡುಕಿ ಸೂಪರ್ ಮಾರ್ಕೆಟ್ ತನಕ ಹೋದೆ.
ಪೇಪರಿನಾಗ ಸುತ್ತಿ ಕೊಟ್ಟ ಹುಡುಗ, ಮಾರಿ ನೋಡದಂಗ.
ಮುಂಜಾನಿ ಕತ್ತಲಾಗ ಪಟ್ಟಿ ಹಿಡಕೊಂಡು ನಿಂತರ
ಒಂದೇ ಗೆರಿ.
ಅಲ್ಲೂ ಗೆರಿ.
ಒಂದೇ ಇದ್ರ ಏನಿಲ್ಲಂತ. ನಂಬಿದೆ.
ಮಧ್ಯಾಹ್ನಕ್ಕ ಮತ್ತ ನಂಬಲಿಲ್ಲ.

ನಲವತ್ತೊಂದನೇ ದಿನ ಮೆಸ್ಸಿನ ರೇವಣ್ಣ ಬಂದ.
ಅತ್ತಿ ಬಲಗಡಿ ಗೋಡಿಗಿ ಬೆರಳು ಮಾಡಿ,
ನಲವತ್ತೊಂದು ಗೆರಿ ಬಾಕಿ ಅವ ನೋಡಪಾ, ಕೊಟ್ಟು ಮಾತಾಡು ಅಂದಳು.
ಅಂವ ಗೋಡಿ ಮುಂದ ಕುಂತು ಎಣಿಸಿದ, ತಲಿ ಕೆರಕೊಂಡ.
ಅವ್ವಾ, ನಾಕು ಸಾವಿರದ ನೂರು ರೊಟ್ಟಿ
ನಮ್ಮ ಹುಡುಗರು ತಿಂದ್ರ ಸತ್ತೇ ಹೋಗ್ತಾರ.
ನನ್ನ ಕೈತುಂಬ ಹಿಟ್ಟು, ಬಾಯಿ ತುಂಬ ಸುಮ್ಮಕ.
ಕಡೀಕ ಐನೂರು ಮುಂಗಡ ಇಟ್ಟು ಎದ್ದ.
ಬಾರದ ಮುಟ್ಟಿಗಿ ಐನೂರು ರೂಪಾಯಿ!
ರಾತ್ರಿ ಗಂಡನ ಮುಂದ ಹೇಳಿ
ದಿಂಬು ಬಾಯಿಗಿ ಒತ್ಗೊಂಡು ನಕ್ಕೆ.
ಅಂವ ನಗಲಿಲ್ಲ ಮೊದಲು.

ಮರುದಿನ ಯಾದಗಿರಿಗಿ ಹೋದೆ,
ಅಕ್ಕನ ಮಗಳ ಕುಬಸಕ್ಕ, ಎರಡು ರಾತ್ರಿ.
ಹಸಿರು ಬಳಿ ಇಟ್ಕೊಂಡ ಹುಡುಗಿ ಎದುರು ಕುಂತು
ನಾನು ಬೆರಳು ಮಡಚ್ತಿದ್ದೆ.

ತಿರುಗಿ ಬಂದು ಒಲಿ ಹಚ್ಚಿದರ
ನನ್ನ ನಲವತ್ತೊಂದು ಕರಿ ಗೆರಿ ಬಾಜೂಕ
ಎರಡು ಬಿಳಿ ಗೆರಿ.
ಸುಣ್ಣ. ಎಲಿಗಿ ಸವರೋ ಬೆರಳಿಂದು,
ದಪ್ಪ, ಜರಾ ಓರಿ.
ಅತ್ತಿ ಕಟ್ಟಿ ಮ್ಯಾಲ ಅಡಕಿ ಕತ್ತರಿಸಾಕತ್ತಿದ್ದಳು,
ಈ ಕಡಿ ನೋಡಲಿಲ್ಲ.
ಹಂಗಾರ ರೇವಣ್ಣಗ ಹೇಳಿದ್ದು?
ಕೇಳಬೇಕಂದೆ. ಹಿಟ್ಟು ನಾದಾಕತ್ತಿದೆ.

ನಲವತ್ತಾರನೇ ದಿನ,
ನೂರಾ ಅರವತ್ತನೇ ರೊಟ್ಟಿ ಹಂಚಿನ ಮ್ಯಾಲಿದ್ದಾಗ
ತೊಡಿಗಿ ಬೆಚ್ಚಗ ಹತ್ತಿತು.
ಹಂಗೇ ಎದ್ದೆ.
ಅತ್ತಿ ಎಲಿ ಉಗುಳಿ, ಕೈ ತೊಳಕೊಂಡು,
ನನ್ನ ಮಣಿ ಮ್ಯಾಲ ಕುಂತಳು.
ಬಚ್ಚಲದಾಗ ನಿಂತು ಕೇಳಿದೆ, ಟಪ್ ಟಪ್ ನಿಂತಿದ್ದಿಲ್ಲ.

ಸಂಜಿಗಿ ರೇವಣ್ಣ ಫೋನ್ ಮಾಡಿ ಜಗಳಕ್ಕ ಬಿದ್ದ:
ಕಡೀ ನಲವತ್ತು ರೊಟ್ಟಿ
ಜರಾ ದಪ್ಪ ಆಗ್ಯಾವಂತ.